ರೀಲಿನಲ್ಲಿರುವ ದನಿಯನ್ನೂ ತೆಗೆಸಿ

ಎಪ್ಪತ್ತರ ದಶಕದಲ್ಲಿ ಅಮೆರಿಕಕ್ಕೋ ಇಂಗ್ಲೆಂಡಿಗೋ ಹೋಗಿ ನೆಲೆಸಿದವರು ನಿಮ್ಮ ಬಳಗದಲ್ಲಿದ್ದರೆ, ಅವರ ಮನೆಯಲ್ಲೋ ಊರಿನ ಅಟ್ಟದ ಮೇಲೋ ಅಂಗೈಯಗಲದ ಫಿಲ್ಮ್ ರೀಲುಗಳು ಇನ್ನೂ ಇರಬಹುದು. ಹುಡುಕಿ ನೋಡಿ. ಸಿಕ್ಕಿದರೆ ನನ್ನದೊಂದು ಮನವಿ: ಡಿಜಿಟಲ್ ಮಾಡಿಸುವಾಗ ಬರೀ ಚಿತ್ರ ತೆಗೆಸಿ ಸುಮ್ಮನಾಗಬೇಡಿ.

ಮನೆಯಲ್ಲಿ ತೆಗೆದ ಹಳೆ ಫಿಲ್ಮುಗಳೆಲ್ಲ ಮೂಕಿ ಎಂದೇ ಹಲವರು ತಿಳಿದಿದ್ದಾರೆ. ಕೊಡಾಕ್ 1965ರಲ್ಲಿ ತಂದ ಸೂಪರ್ 8 ಎಂಬ ಮನೆಬಳಕೆಯ ಫಿಲ್ಮು ಮೂಕಿಯೇ ಆಗಿತ್ತು, ನಿಜ. ಆದರೆ 1973ರಲ್ಲಿ ಅದೇ ಕಂಪನಿ ಮಾತನ್ನೂ ಹಿಡಿಯುವ ಫಿಲ್ಮು, ಕ್ಯಾಮೆರಾ ತಂದಿತು. ಪತ್ತೆ ಹಚ್ಚುವುದು ಕಷ್ಟವಲ್ಲ. ಫಿಲ್ಮನ್ನು ಸ್ವಲ್ಪ ಬಿಚ್ಚಿ, ಅಂಚು ಮಾತ್ರ ಹಿಡಿದು, ಬೆಳಕಿಗೆ ಓರೆ ಮಾಡಿ. ತೂತಿಲ್ಲದ ಬದಿಯಲ್ಲಿ ತುಕ್ಕಿನ ಬಣ್ಣದ ಸಣ್ಣ ಪಟ್ಟಿ ಉದ್ದಕ್ಕೂ ಓಡಿದ್ದರೆ ಅದರಲ್ಲಿ ದನಿ ಇರಬಹುದು. ಕ್ಯಾಸೆಟ್ಟಿನ ಟೇಪಿನಲ್ಲಿರುವಂಥದೇ ಕಬ್ಬಿಣದ ಆಕ್ಸೈಡು ಅದು.

ಒಂದು ವಿಚಿತ್ರ ಕೇಳಿ. ಈ ಫಿಲ್ಮಿನಲ್ಲಿ ಚಿತ್ರದ ಪಕ್ಕದಲ್ಲೇ ಅದರ ದನಿ ಇರುವುದಿಲ್ಲ, 18 ಫ್ರೇಮು ಮುಂದಿರುತ್ತದೆ. ಹಾಳಾದ ಚಿತ್ರವೆಂದು ನೀವು ಒಂದು ತುಂಡು ಕತ್ತರಿಸಿದಿರೋ, ಅದರ ಜೊತೆ ಬೇರೊಂದು ಚಿತ್ರದ ಮಾತೂ ಹೋಯಿತು. ಕತ್ತರಿ ಮುಟ್ಟಲೇಬೇಡಿ.

ಹಳೆ ಪ್ರೊಜೆಕ್ಟರಿನಲ್ಲಿ ಗೋಡೆಗೆ ಬಿಟ್ಟು ಮೊಬೈಲಿನಲ್ಲಿ ಹಿಡಿಯೋಣವೆಂಬ ಉಮೇದೂ ಬೇಡ. ವಯಸ್ಸಾದ ಫಿಲ್ಮು ಕುಗ್ಗಿರುತ್ತದೆ, ಹಲ್ಲಿಗೆ ಸಿಕ್ಕಿ ಹರಿಯುತ್ತದೆ. ಫ್ರೇಮು ಫ್ರೇಮಾಗಿ ಸ್ಕ್ಯಾನ್ ಮಾಡುವವರಿಗೇ ಕೊಡಿ. ಕೊಡುವ ಮೊದಲು ಎರಡು ಮಾತು ಕೇಳಿ. ಅಂಚಿನ ಪಟ್ಟಿಯನ್ನು ಓದುವ ಹೆಡ್ ನಿಮ್ಮಲ್ಲಿದೆಯೇ? ಎಷ್ಟು ವೇಗದಲ್ಲಿ ಓಡಿಸುತ್ತೀರಿ? ಸೆಕೆಂಡಿಗೆ 18 ಫ್ರೇಮಿನಂತೆ ತೆಗೆದದ್ದನ್ನು 24ರಲ್ಲಿ ಓಡಿಸಿದರೆ ತಾತನ ದಪ್ಪ ಗಂಟಲು ಕೀಚಲಾಗಿ ಕೇಳುತ್ತದೆ. ಮೊದಲ ಪ್ರಶ್ನೆಗೆ ತಡವರಿಸಿದರೆ ರೀಲು ವಾಪಸ್ ತನ್ನಿ, ಸಂಕೋಚ ಬೇಡ.

ಮುಂದಿನ ವರ್ಷ ನೋಡೋಣ ಎನ್ನಬೇಡಿ. ಡಬ್ಬಿ ತೆರೆದಾಗ ವಿನೆಗರ್ ವಾಸನೆ ಮೂಗಿಗೆ ಬಡಿದರೆ ಫಿಲ್ಮಿನ ಅಸಿಟೇಟ್ ಕೊಳೆಯಲು ಶುರುವಾಗಿದೆ ಎಂದೇ ಅರ್ಥ. ಸೆಕೆಯಲ್ಲಿ, ತೇವದಲ್ಲಿ ಇದು ಬೇಗ ಹರಡುತ್ತದೆ. ಕರಾವಳಿ, ಮಲೆನಾಡಿನವರಿಗೆ ಹೇಳಬೇಕಿಲ್ಲ. ದನಿ ಹೊತ್ತ ಪಟ್ಟಿಯ ಕಬ್ಬಿಣವೂ ಈ ಕೊಳೆತಕ್ಕೆ ಕುಮ್ಮಕ್ಕು ಕೊಡುತ್ತದಂತೆ! ಅಂಥ ರೀಲನ್ನು ಮಿಕ್ಕವುಗಳಿಂದ ಬೇರೆ ಇಟ್ಟು, ಮೊದಲು ಅದನ್ನೇ ಸ್ಕ್ಯಾನಿಗೆ ಕೊಡಿ.

ಖರ್ಚು ಒಬ್ಬರಿಗೇ ಹೊರೆಯಾದರೆ ಅಣ್ಣತಮ್ಮಂದಿರು, ಅಕ್ಕತಂಗಿಯರು ಹಂಚಿಕೊಳ್ಳಿ. ದಿನಾ ಬೆಳಗ್ಗೆ ಸೂರ್ಯೋದಯದ ಚಿತ್ರ ಬರುವ ಫ್ಯಾಮಿಲಿ ಗ್ರೂಪಿನಲ್ಲಿ ಒಮ್ಮೆ ಈ ವಿಷಯ ಎತ್ತಿದರೆ ನಷ್ಟವೇನಿಲ್ಲ. ಕುಗ್ಗಿಸದ ಮೂಲ ಫೈಲನ್ನು ಕೇಳಿ ಪಡೆದು, ಎರಡು ಮನೆಗಳಲ್ಲಿ ಎರಡು ಹಾರ್ಡ್ ಡಿಸ್ಕಿನಲ್ಲಿಡಿ. ರೀಲನ್ನಂತೂ ಎಸೆಯಬೇಡಿ. ಸ್ಕ್ಯಾನ್ ಆದದ್ದನ್ನು ಮನೆಯ ಹಿರಿಯರ ಮುಂದೆ ಹಾಕಿ, ಈ ದನಿ ಯಾರದು, ಇದು ಯಾರ ಮದುವೆ ಎಂದು ಕೇಳಿ, ಅವರು ಹೇಳಿದ್ದನ್ನು ಆಗಲೇ ಬರೆದು ಡಬ್ಬಿಗೆ ಅಂಟಿಸಿ.