ಆಸನಕ್ಕೆ ಅಡ್ಡಿಯಿಲ್ಲ, ಸುತ್ತೋಲೆಗೆ ಇದೆ

ಜೂನ್ ತಿಂಗಳು ಬಂತೆಂದರೆ ಟಿವಿ ಚಾನೆಲ್ಲುಗಳಿಗೆ ಒಂದು ಸಿದ್ಧ ಚರ್ಚೆ ಇದ್ದೇ ಇರುತ್ತದೆ. ಒಬ್ಬ ಮೌಲ್ವಿ, ಒಬ್ಬ ಸ್ವಾಮೀಜಿ, ಒಬ್ಬ ಪಕ್ಷದ ವಕ್ತಾರ. ಮುಸ್ಲಿಮರು ಯೋಗ ಮಾಡಬಹುದೇ? ಮೌಲ್ವಿ ‘ಹರಾಂ’ ಅಂದುಬಿಟ್ಟರೆ ಅಂದಿನ ಕಾರ್ಯಕ್ರಮ ಗೆದ್ದಂತೆ. ‘ಮಾಡಲಿ ಬಿಡಿ, ಅದರಲ್ಲೇನಿದೆ’ ಅಂದವರನ್ನು ಮುಂದಿನ ವರ್ಷ ಕರೆಯುವುದಿಲ್ಲ. ಪ್ರಶ್ನೆಗೆ ಉತ್ತರವೇನೂ ಕಷ್ಟದ್ದಲ್ಲ. ಮಾಡಬಹುದು, ಶತಮಾನಗಳಿಂದ ಮಾಡುತ್ತಲೂ ಬಂದಿದ್ದಾರೆ. ಕಷ್ಟವಿರುವುದು ಬೇರೆ ಕಡೆ.

2008ರ ನವೆಂಬರಿನಲ್ಲಿ ಮಲೇಷ್ಯಾದ ರಾಷ್ಟ್ರೀಯ ಫತ್ವಾ ಮಂಡಳಿ ಯೋಗವನ್ನು ಹರಾಂ ಎಂದಿತು. ಅಂಗಸಾಧನೆ, ಮಂತ್ರ, ಆರಾಧನೆ ಮೂರೂ ಅದರಲ್ಲಿ ಬೆರೆತಿರುವುದರಿಂದ ಮುಸ್ಲಿಮರ ನಂಬಿಕೆ ಸಡಿಲವಾದೀತು ಎಂಬುದು ಅದರ ಭಯ. ಕೆಲವೇ ದಿನಗಳಲ್ಲಿ ಪ್ರಧಾನಿ ಅಬ್ದುಲ್ಲಾ ಬದಾವಿ, ಮಂತ್ರ ಬಿಟ್ಟು ವ್ಯಾಯಾಮ ಮಾಡಿದರೆ ತಪ್ಪಿಲ್ಲ ಎಂದು ತೇಪೆ ಹಾಕಬೇಕಾಯಿತು. ಸುಲ್ತಾನರ ಸಭೆಯನ್ನು ಕೇಳದೆ ಫತ್ವಾ ಹೊರಡಿಸಿದ್ದೇಕೆಂದು ಸೆಲಾಂಗೊರಿನ ಸುಲ್ತಾನರು ಮುನಿಸಿಕೊಂಡರು. ಮರುವರ್ಷ ಜನವರಿಯಲ್ಲಿ ಇಂಡೊನೇಷ್ಯಾದ ಉಲೇಮಾ ಮಂಡಳಿ ಹೆಚ್ಚು ಜಾಣತನ ತೋರಿತು: ಮಂತ್ರ, ಪೂಜೆ ಸೇರಿದ್ದರೆ ನಿಷಿದ್ಧ, ಕಸರತ್ತಷ್ಟೇ ಆದರೆ ಅಡ್ಡಿಯಿಲ್ಲ. 2017ರ ನವೆಂಬರಿನಲ್ಲಿ ಸೌದಿ ಅರೇಬಿಯಾ ಯೋಗವನ್ನು ಕ್ರೀಡಾ ಚಟುವಟಿಕೆಯೆಂದು ಒಪ್ಪಿಕೊಂಡಿತು. ಅದೇ ತಿಂಗಳು ರಾಂಚಿಯಲ್ಲಿ ಯೋಗ ಕಲಿಸುತ್ತಿದ್ದ ಮುಸ್ಲಿಂ ಯುವತಿಯ ಮನೆಗೆ ಕಲ್ಲು ಬಿತ್ತು. ಮೆಕ್ಕಾ ಇರುವ ದೇಶಕ್ಕೆ ಕಾಣದ ಅಪಾಯ ರಾಂಚಿಯ ಓಣಿಯಲ್ಲಿ ಕೆಲವರಿಗೆ ಕಂಡಿತ್ತು.

ಯೋಗಕ್ಕೂ ಇಸ್ಲಾಮಿಗೂ ಮೊನ್ನೆ ಮೊನ್ನೆ ಪರಿಚಯವಾಯಿತು ಎಂದುಕೊಂಡವರು ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿರುವ ‘ಬಹ್ರ್ ಅಲ್-ಹಯಾತ್’ ಹಸ್ತಪ್ರತಿಯ ಚಿತ್ರಗಳನ್ನು ನೋಡಬೇಕು. 16ನೇ ಶತಮಾನದಲ್ಲಿ ಇದನ್ನು ಪರ್ಷಿಯನ್ ಭಾಷೆಯಲ್ಲಿ ಬರೆದವರು ಶತ್ತಾರಿ ಪಂಥದ ಸೂಫಿ ಮುಹಮ್ಮದ್ ಘೌಸ್ ಗ್ವಾಲಿಯರಿ. ಚಿತ್ರಗಳು ಮೂಡಿದ್ದು 1600ರ ಆಸುಪಾಸಿನಲ್ಲಿ, ಮುಂದೆ ಜಹಾಂಗೀರನಾದ ರಾಜಕುಮಾರ ಸಲೀಮನ ಅಲಹಾಬಾದಿನ ಆಸ್ಥಾನದಲ್ಲಿ. ಆಸನ ಹಾಕಿ ಕೂತ ಯೋಗಿಗಳ 21 ಚಿತ್ರಗಳಿವೆ. ಜೊತೆಗೆ ಉಸಿರನ್ನು ಹೇಗೆ ಎಳೆಯಬೇಕು, ಹೇಗೆ ತಡೆಯಬೇಕು ಎಂಬ ವಿವರ. ಆಸನಗಳನ್ನು ಸಾಲಾಗಿ ಚಿತ್ರಿಸಿ ತೋರಿಸಿದ, ಇಂದಿಗೆ ಉಳಿದಿರುವ ಅತಿ ಹಳೆಯ ಪುಸ್ತಕಗಳಲ್ಲಿ ಇದೊಂದು. ಇದಕ್ಕೆ ಮೂಲವಾದ ‘ಅಮೃತಕುಂಡ’ವನ್ನು ಅರಬ್ಬಿಗೆ ತಂದವರಂತೂ ನಾಥ ಪಂಥದ ಯೋಗಗುರುಗಳನ್ನು ಪ್ರವಾದಿಗಳ ಪಂಕ್ತಿಯಲ್ಲಿ ಕೂರಿಸಿಬಿಟ್ಟರು. ಗೋರಖನಾಥ ಖಿಜ್ರ್ ಆದ, ಮತ್ಸ್ಯೇಂದ್ರನಾಥ ಮೀನಿನ ಹೊಟ್ಟೆ ಹೊಕ್ಕು ಬಂದ ಯೂನುಸ್ ಆದ. ನಮ್ಮ ಮಂಗಳೂರಿನ ಕದ್ರಿಯಲ್ಲಿ ವಿಗ್ರಹವಾಗಿ ನಿಂತಿರುವವನು ಇದೇ ಮತ್ಸ್ಯೇಂದ್ರ. ಇವರಿಗೂ ಎಷ್ಟೋ ಮುಂಚೆ, 11ನೇ ಶತಮಾನದಲ್ಲೇ, ಅಲ್ ಬೀರೂನಿ ಪತಂಜಲಿಯನ್ನು ಅರಬ್ಬಿಯಲ್ಲಿ ಓದಿಸಿದ್ದ. ಯೋಗ ಓದಿದ, ಬರೆದ, ಸಾಧಿಸಿದ ಇವರ ಈಮಾನು (ನಂಬಿಕೆ) ಕೌಲಾಲಂಪುರದ ಮಂಡಳಿಯ ಸದಸ್ಯರದ್ದಕ್ಕಿಂತ ದುರ್ಬಲವಾಗಿತ್ತು ಎನ್ನಲು ಒಳ್ಳೇ ಧೈರ್ಯ ಬೇಕು.

ಇಷ್ಟು ಹೇಳಿದ್ದಕ್ಕೇ ‘ನಮಾಜೂ ಯೋಗವೇ ಅಲ್ಲವೇ, ವಜ್ರಾಸನದಲ್ಲೇ ತಾನೇ ಕೂರುವುದು’ ಎಂದು ಬೆನ್ನು ತಟ್ಟುವವರಿದ್ದಾರೆ. ಈ ಸವಿಮಾತು ನನಗೆ ಹಿಡಿಸುವುದಿಲ್ಲ. ಐದು ಹೊತ್ತು ದೇವರ ಮುಂದೆ ನಿಲ್ಲುವವನಿಗೆ ‘ನಿನಗೆ ಗೊತ್ತಿಲ್ಲದೆಯೇ ನೀನು ನಮ್ಮದನ್ನು ಮಾಡುತ್ತಿದ್ದೀಯ’ ಎಂದು ಹೇಳುವುದು ಸೌಹಾರ್ದವೂ ಅಲ್ಲ, ನಿಜವೂ ಅಲ್ಲ. ಮೊಣಕಾಲು ಮಡಿಸುವುದಕ್ಕೆ ಇರುವುದೇ ಒಂದೆರಡು ರೀತಿ.

ಸೂರ್ಯನಮಸ್ಕಾರಕ್ಕೆ ಬಂದಾಗ ನಾನು ಮೌಲ್ವಿಯ ಪಕ್ಕ ಹೋಗಿ ಕೂರುತ್ತೇನೆ. ಸೂರ್ಯಚಂದ್ರರಿಗೆ ಸುಜೂದ್ (ಸಾಷ್ಟಾಂಗ) ಮಾಡಬೇಡಿ, ಅವರನ್ನು ಸೃಷ್ಟಿಸಿದವನಿಗೆ ಮಾಡಿ ಎಂದು ಕುರಾನ್ ನೇರವಾಗಿಯೇ ಹೇಳುತ್ತದೆ. ಸೂರ್ಯ ಹುಟ್ಟುವ ಆ ಕೆಲವು ನಿಮಿಷ ನಮಾಜನ್ನೂ ಮಾಡಕೂಡದು. ಸೂರ್ಯನನ್ನು ಪೂಜಿಸುವವರ ಹೋಲಿಕೆಯೂ ಬರದಿರಲಿ ಎಂಬ ಎಚ್ಚರ ಹದೀಸಿನಲ್ಲಿದೆ. ಅಲ್ಲಾಹನಿಗೆ ಬಾಗುವುದನ್ನೇ ಆ ಹೊತ್ತಿನಲ್ಲಿ ತಡೆದಿಡುವ ಮತದವನನ್ನು ಕರೆದು, ಸೂರ್ಯನ ಹನ್ನೆರಡು ಹೆಸರು ಹೇಳಿ ಬಾಗು, ಇದು ವ್ಯಾಯಾಮ ಮಾತ್ರ ಅಂದರೆ ಅವನು ಒಪ್ಪಬೇಕೇಕೆ? ಇದನ್ನು ಹಟಮಾರಿತನ ಅನ್ನುವವರು ಆ ಮತದ ಅ ಆ ಇ ಈಯನ್ನೂ ಓದಿಲ್ಲ. ಸೂರ್ಯನಮಸ್ಕಾರ ಬಿಟ್ಟರೆ ಯೋಗಕ್ಕೇನೂ ನಷ್ಟವಿಲ್ಲ. ‘ಹಠಯೋಗ ಪ್ರದೀಪಿಕೆ’ ವಿವರಿಸುವ 15 ಆಸನಗಳಲ್ಲಿ ಅದಿಲ್ಲ. ಇಂದಿನ ರೂಪದಲ್ಲಿ ಅದನ್ನು ಮನೆಮಾತಾಗಿಸಿದವರು ಕಳೆದ ಶತಮಾನದ ಔಂಧ್ ಸಂಸ್ಥಾನದ ರಾಜರು. ಜಗನ್ಮೋಹನ ಅರಮನೆಯಲ್ಲಿ ಟಿ. ಕೃಷ್ಣಮಾಚಾರ್ಯರು 1933ರಿಂದ ನಡೆಸಿದ ಯೋಗಶಾಲೆಯ ಕಾಲಕ್ಕೂ ಮೈಸೂರಿನಲ್ಲಿ ಸೂರ್ಯನಮಸ್ಕಾರದ ತರಗತಿ ಬೇರೆಯೇ ಇತ್ತು. (ಆಗ ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್. ಯೋಗಶಾಲೆಯಿಂದ ಅವರ ಧರ್ಮವೂ ಕೆಡಲಿಲ್ಲ, ಅವರಿಂದ ಯೋಗಶಾಲೆಯೂ ಕೆಡಲಿಲ್ಲ.) ಕೇಂದ್ರ ಸರ್ಕಾರವೇ 2015ರ ಮೊದಲ ಯೋಗ ದಿನದ ಪಟ್ಟಿಯಿಂದ ಅದನ್ನು ಕೈಬಿಟ್ಟಿತ್ತು; ಆಕಾಶವೇನೂ ಕಳಚಿ ಬೀಳಲಿಲ್ಲ.

ನಮ್ಮ ಬಡಾವಣೆಯ ಪಾರ್ಕಿನಲ್ಲಿ ಬೆಳಗಿನ ಯೋಗಕ್ಕೆ ಸಕ್ಕರೆ ಕಾಯಿಲೆಯ ಇಬ್ಬರು ಮುಸ್ಲಿಂ ಹೆಂಗಸರು ಬರುತ್ತಾರೆ. ಬುರ್ಖಾದಲ್ಲೇ ಬಂದು, ಬೆಡ್‌ಶೀಟು ಹಾಸಿಕೊಂಡವರ ಸಾಲಿನಲ್ಲಿ ಕೂರುತ್ತಾರೆ. ಮೇಷ್ಟ್ರು ಮೊದಲಿಗೆ ಮೂರು ಸಲ ಓಂಕಾರ ಹೇಳಿಸುವಾಗ ಅವರು ಸುಮ್ಮನಿರುತ್ತಾರೆ, ಕಪಾಲಭಾತಿ ಶುರುವಾದಾಗ ಸೇರಿಕೊಳ್ಳುತ್ತಾರೆ. ಇವತ್ತಿನವರೆಗೆ ಯಾರೂ ಯಾರನ್ನೂ ಏನೂ ಕೇಳಿಲ್ಲ. ಫತ್ವಾ ಇಲ್ಲ, ಸರ್ಕಾರಿ ಆದೇಶ ಇಲ್ಲ, ಆದ್ದರಿಂದ ಜಗಳವೂ ಇಲ್ಲ.

ಜಗಳ ಹುಟ್ಟುವುದು ಆದೇಶದ ಜೊತೆ. 2022ರ ಗಣರಾಜ್ಯೋತ್ಸವದ ಹೊತ್ತಿಗೆ ಕಾಲೇಜುಗಳಲ್ಲಿ ಸಾಮೂಹಿಕ ಸೂರ್ಯನಮಸ್ಕಾರ ನಡೆಸುವಂತೆ ನಮ್ಮ ಪದವಿಪೂರ್ವ ಶಿಕ್ಷಣ ಇಲಾಖೆ ಸುತ್ತೋಲೆ ಹೊರಡಿಸಿತು. ದೇಶಾದ್ಯಂತ 75 ಕೋಟಿ ಸೂರ್ಯನಮಸ್ಕಾರದ ಗುರಿಯ ಭಾಗವದು. ಅದೇ ದಿನಗಳಲ್ಲಿ ಉಡುಪಿಯ ಸರ್ಕಾರಿ ಪಿಯು ಕಾಲೇಜಿನ ಹುಡುಗಿಯರು ಹಿಜಾಬಿನ ಕಾರಣಕ್ಕೆ ತರಗತಿಯ ಹೊರಗಿದ್ದರು. ಒಳಗೆ ಬರಬೇಕಾದರೆ ಧರ್ಮವನ್ನು ಗೇಟಿನ ಆಚೆ ಇಟ್ಟು ಬಾ ಎಂದು ಅವರಿಗೆ ಹೇಳಿದ ವ್ಯವಸ್ಥೆಯೇ, ಮೈದಾನಕ್ಕೆ ಬಂದು ಸೂರ್ಯನಿಗೆ ನಮಸ್ಕರಿಸು ಎಂದೂ ಹೇಳುತ್ತಿತ್ತು. ಎರಡೂ ಕಡತಗಳು ಒಂದೇ ಇಲಾಖೆಯವು. ಆ ವಿರೋಧಾಭಾಸ ಯಾರಿಗೂ ಹೊಳೆಯಲಿಲ್ಲವೆಂದರೆ ನಂಬುವುದು ಹೇಗೆ?

ಯೋಗವನ್ನು ಅಧಿಕಾರದ ಬಲದಿಂದ ಹೇರುವವರು ಒಂದು ತೀರ್ಮಾನಕ್ಕೆ ಬರಲಿ. ಅದು ಧಾರ್ಮಿಕ ಆಚರಣೆಯಾದರೆ ಸಂವಿಧಾನದ 28ನೇ ವಿಧಿ ಪೂರ್ತಿ ಸರ್ಕಾರಿ ಹಣದಲ್ಲಿ ನಡೆಯುವ ಶಾಲೆಗಳಲ್ಲಿ ಅದನ್ನು ಬೋಧಿಸಲು ಬಿಡುವುದಿಲ್ಲ. ಧಾರ್ಮಿಕವಲ್ಲ ಎಂದಾದರೆ ಮಂತ್ರ ಬಿಡುವುದಕ್ಕೆ ಇಷ್ಟು ಸಂಕಟವೇಕೆ? ಕ್ಯಾಲಿಫೋರ್ನಿಯಾದ ಎನ್ಸಿನಿಟಾಸಿನಲ್ಲಿ, ಮೈಸೂರಿನ ಪಟ್ಟಾಭಿ ಜೋಯಿಸರ ಹೆಸರಿನ ಪ್ರತಿಷ್ಠಾನದ ದುಡ್ಡಿನಲ್ಲಿ ಶಾಲಾ ಮಕ್ಕಳಿಗೆ ಯೋಗ ಕಲಿಸಿದಾಗ ಕೆಲವು ಕ್ರೈಸ್ತ ತಂದೆತಾಯಂದಿರು ಕೋರ್ಟಿಗೆ ಹೋದರು. ಸಂಸ್ಕೃತದ ಹೆಸರುಗಳನ್ನೂ ತೆಗೆದುಹಾಕಿದ್ದ ಆ ತರಗತಿಯಲ್ಲಿ ಧರ್ಮಬೋಧೆ ಇಲ್ಲವೆಂದು 2013ರಲ್ಲಿ ತೀರ್ಪು ಬಂತು. ನಮ್ಮ ಯೋಗ ಅಲ್ಲಿ ಉಳಿದದ್ದು ಹೀಗೆ. ಅಮೆರಿಕದ ಮಗುವಿಗೆ ಕೊಟ್ಟ ರಿಯಾಯಿತಿ ಭಟ್ಕಳದ ಮಗುವಿಗೆ ಯಾಕಿಲ್ಲ?

ಮೌಲ್ವಿಗಳ ಮೇಲೂ ಒಂದು ಹೊಣೆಯಿದೆ. ಆಸನ, ಪ್ರಾಣಾಯಾಮಕ್ಕೆ ಅಡ್ಡಿಯಿಲ್ಲವೆಂದು ಅವರಲ್ಲಿ ಅನೇಕರು ಖಾಸಗಿಯಾಗಿ ಒಪ್ಪುತ್ತಾರೆ. ಅದನ್ನು ಜುಮಾ ದಿನ ಮಸೀದಿಯಲ್ಲಿ ಬಾಯಿ ಬಿಟ್ಟು ಹೇಳಲಿ, ರಾಂಚಿಯ ಆ ಹುಡುಗಿಯಂಥವರ ಬೆನ್ನಿಗೆ ನಿಲ್ಲಲಿ. ಸೂರ್ಯನಮಸ್ಕಾರ ಬೇಡವೆನ್ನುವ ಅವರ ಮಾತಿಗೆ ಆಗ ತೂಕ ಬರುತ್ತದೆ.

ಇನ್ನು ಇಲಾಖೆಗೆ ಹೊಸ ನಿಯಮವೇನೂ ಬೇಕಿಲ್ಲ. ಕೇರಳದ ಶಾಲೆಯೊಂದರಲ್ಲಿ ‘ಯೆಹೋವನ ಸಾಕ್ಷಿಗಳು’ ಪಂಥದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಶಾಲೆ ಅವರನ್ನು ಹೊರಹಾಕಿತು. ಸುಪ್ರೀಂ ಕೋರ್ಟ್ 1986ರಲ್ಲಿ ಅವರನ್ನು ಮತ್ತೆ ಒಳಗೆ ಕೂರಿಸಿತು. ರಾಷ್ಟ್ರಗೀತೆಗೇ ಅನ್ವಯಿಸದ ಬಲವಂತ ಸೂರ್ಯನಮಸ್ಕಾರಕ್ಕೆ ಹೇಗೆ ಅನ್ವಯಿಸುತ್ತದೆ ಎಂಬುದನ್ನು ಮುಂದಿನ ಸುತ್ತೋಲೆಗೆ ಸಹಿ ಹಾಕುವ ಅಧಿಕಾರಿಯೇ ವಿವರಿಸಬೇಕು.