ಮಹಜರಿಗೆ ಬೇಕು, ತೀರ್ಪಿಗೆ ಬೇಡ

ದಕ್ಷಿಣ ಕನ್ನಡದ ವಾಮದಪದವಿನ ಆಸುಪಾಸಿನಲ್ಲಿ ತೋಡಿಗೆ ಹಾಕಿದ ಕಟ್ಟದ ನೀರಿಗಾಗಿ ಎರಡು ಮನೆಯವರು ಹೊಡೆದಾಡಿಕೊಂಡರೆನ್ನಿ. ಪೊಲೀಸರು ಬಂದು ಊರಿನ ಇಬ್ಬರನ್ನು ಪಂಚರೆಂದು ನಿಲ್ಲಿಸಿ ಮಹಜರಿಗೆ ಸಹಿ ಹಾಕಿಸುತ್ತಾರೆ. ಮುಂದೆ ಕೋರ್ಟಿನಲ್ಲಿ ಅವರು ತುಳುವಿನಲ್ಲಿ ಹೇಳಿದ್ದು ಬೇರೆ ಭಾಷೆಗೆ ತಿರುಗಿ ಕಡತ ಸೇರುತ್ತದೆ. ಕುಮ್ಕಿ ಜಾಗವೆಂದರೇನು, ಗದ್ದೆಯ ಪುಣಿ ಒಂದು ಗೇಣು ಸರಿದರೂ ಯಾಕೆ ರಕ್ತ ಕುದಿಯುತ್ತದೆ ಎಂಬುದು ಘಟ್ಟದಾಚೆಯಿಂದ ವರ್ಗವಾಗಿ ಬಂದ ನ್ಯಾಯಾಧೀಶರಿಗೆ ಹೊಸತಾಗಿರಬಹುದು, ಪಂಚರಿಗಲ್ಲ. ಸಹಿಗೆ ಬೇಕಾಗುವ ಪ್ರಜೆ ತೀರ್ಪಿಗೆ ಮಾತ್ರ ಯಾಕೆ ಬೇಡ?

ಮೊದಲು ಬೇಕಾಗಿದ್ದ. ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ ಇಲ್ಲಿಗೂ ಅನ್ವಯವಾಗುತ್ತಿದ್ದ 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಸೆಷನ್ಸ್ ವಿಚಾರಣೆಗೆ ಜ್ಯೂರಿಯಾಗಿ ಇಲ್ಲವೇ ಅಸೆಸರರಾಗಿ ಪ್ರಜೆಗಳು ಕೂರುವ ಏರ್ಪಾಡಿತ್ತು. ಅಸೆಸರರ ಅಭಿಪ್ರಾಯಕ್ಕೆ ನ್ಯಾಯಾಧೀಶರು ಕಟ್ಟುಬೀಳಬೇಕಿರಲಿಲ್ಲ. ಕೂರಿಸಿ ಕೇಳದಿರುವ ಮರ್ಯಾದೆ ಅದು. 1955ರ ತಿದ್ದುಪಡಿ ಅಸೆಸರರನ್ನು ಕೈಬಿಟ್ಟಿತು, 1973ರ ಸಂಹಿತೆ ಜ್ಯೂರಿಯನ್ನೂ. ಜ್ಯೂರಿಯನ್ನು ಕೊಂದದ್ದು, ನೌಕಾಧಿಕಾರಿಯೊಬ್ಬ ಹೆಂಡತಿಯ ಪ್ರಿಯಕರನನ್ನು ಗುಂಡಿಕ್ಕಿ ಕೊಂದ ನಾನಾವತಿ ಪ್ರಕರಣ ಎಂಬ ಮಾತು ಸಿನಿಮಾಕ್ಕೆ ಒಪ್ಪುತ್ತದೆ, ಇತಿಹಾಸಕ್ಕಲ್ಲ. ಆ ಗುಂಡು ಹಾರಿದ್ದು 1959ರಲ್ಲಿ. ಜ್ಯೂರಿ ಬೇಡವೆಂದು ಕಾನೂನು ಆಯೋಗ ತನ್ನ 14ನೇ ವರದಿಯಲ್ಲಿ ಬರೆದದ್ದು 1958ರಲ್ಲೇ.

ಹಾಗೆಂದು ಆ ಪ್ರಕರಣ ಹೇಳಿದ್ದನ್ನು ತಳ್ಳಿಹಾಕುವಂತಿಲ್ಲ. ಪತ್ರಿಕೆಯೊಂದು ಆರೋಪಿಯನ್ನು ನಾಯಕನನ್ನಾಗಿ ಮೆರೆಸಿತ್ತು. ಜ್ಯೂರಿಯ ಎಂಟು ಮಂದಿ ನಿರ್ದೋಷಿ ಎಂದರು, ಒಬ್ಬರು ಒಪ್ಪಲಿಲ್ಲ. ಯಾಕೆಂದು ಯಾರೂ ಬರೆದು ಕೊಡಬೇಕಿರಲಿಲ್ಲ. ಕೊನೆಗೆ ಹೈಕೋರ್ಟು ಶಿಕ್ಷೆ ವಿಧಿಸಿತು, 1961ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ನನ್ನ ಲೆಕ್ಕದಲ್ಲಿ ದೋಷವಿದ್ದದ್ದು ಪ್ರಜೆಯಲ್ಲಲ್ಲ, ಕಾರಣ ಕೊಡದ ಆ ಮೌನದಲ್ಲಿ. ಜಪಾನ್ 2009ರಲ್ಲಿ ಗಂಭೀರ ಅಪರಾಧಗಳ ವಿಚಾರಣೆಗೆ ಮೂವರು ನ್ಯಾಯಾಧೀಶರ ಜೊತೆ ಮತದಾರರ ಪಟ್ಟಿಯಿಂದ ಚೀಟಿ ಎತ್ತಿದ ಆರು ಮಂದಿಯನ್ನು ಕೂರಿಸಿತು. ಚರ್ಚೆ ಒಟ್ಟಿಗೆ, ತೀರ್ಪಿಗೆ ಲಿಖಿತ ಕಾರಣ; ಮೇಲ್ಮನವಿಗೆ ಹಿಡಿಯಲು ಏನಾದರೂ ಇರುತ್ತದೆ.

ನಮ್ಮಲ್ಲಿ ಇದನ್ನು ಗ್ರಾಮ ನ್ಯಾಯಾಲಯದಿಂದ ಶುರುಮಾಡಬಹುದು. 2008ರ ಕಾಯ್ದೆ ನ್ಯಾಯಾಧಿಕಾರಿ ಹಳ್ಳಿಗೇ ಬಂದು ಕೂರಲಿ ಎನ್ನುತ್ತದೆ, ರಾಜಿ ಮಾಡಿಸಲು ಊರವರನ್ನೂ ಕರೆಯುತ್ತದೆ. ತೀರ್ಪಿನ ಹೊತ್ತಿಗೆ ಮತ್ತೆ ನ್ಯಾಯಾಧಿಕಾರಿ ಒಬ್ಬರೇ. ಪಕ್ಕದಲ್ಲಿ ಇಬ್ಬರು ಪ್ರಜೆಗಳಿಗೆ ಕುರ್ಚಿ ಹಾಕಿದರೆ ಗುತ್ತಿನ ಮನೆಯ ಯಜಮಾನಿಕೆ ಹಿಂಬಾಗಿಲಿನಿಂದ ಬರುತ್ತದೆ, ಜಾತಿ ಬರುತ್ತದೆ ಎನ್ನುವವರಿದ್ದಾರೆ. ಭಯ ಸುಳ್ಳಲ್ಲ. ಊರ ಗಣ್ಯರನ್ನು ಹುಡುಕಿ ಕೂರಿಸಿದರೆ ಹಾಗೇ ಆಗುವುದು. ಚೀಟಿ ಎತ್ತಿದರೆ ಬೀಡಿ ಕಟ್ಟುವ ಹೆಂಗಸಿನ ಹೆಸರೂ ಬರುತ್ತದೆ. ಒಂದು ದಿನದ ಕೂಲಿ ಕಟ್ಟಿಕೊಟ್ಟರೆ ಅವಳು ಬಂದೂ ಬರುತ್ತಾಳೆ. ನಂಟಸ್ತಿಕೆಯ ಮುಲಾಜು ಬೇಡವೆಂದರೆ ವಾಮದಪದವಿನ ಜಗಳಕ್ಕೆ ನೆರೆಯ ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ಪಟ್ಟಿಯಿಂದ ಹೆಸರು ಎತ್ತಲಿ. ಪುಣಿ ಎಂದರೇನೆಂದು ಅವರಿಗೂ ಗೊತ್ತು.