ಮೆಟ್ಟಿಲ ಬುಡದಲ್ಲಿ ನಿಂತವರು

ಬಾಗಲಗುಂಟೆಗೆ ಸಮೀಪದ ನಾಗಸಂದ್ರ ಮೆಟ್ರೋ ನಿಲ್ದಾಣಕ್ಕೆ ಗಾಲಿಕುರ್ಚಿಯಲ್ಲಿ ಬಂದವರು ಲಿಫ್ಟಿನಲ್ಲಿ ಮೇಲೇರಿ ರೈಲಿನ ಬಾಗಿಲವರೆಗೆ ಹೋಗಬಲ್ಲರು. ಅವರೇ ಭಾನುವಾರದ ಬಲಿಪೂಜೆಗೆ ಬಂದರೆ ನಮ್ಮ ಎಷ್ಟೋ ದೇವಾಲಯಗಳ ಮೆಟ್ಟಿಲ ಬುಡದಲ್ಲೇ ನಿಲ್ಲಬೇಕು.

2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಧಾರ್ಮಿಕ ಕಾರ್ಯಗಳಿಗೆ ಬಳಕೆಯಾಗುವ ಕಟ್ಟಡಗಳನ್ನೂ ಸಾರ್ವಜನಿಕ ಕಟ್ಟಡಗಳೆಂದೇ ಎಣಿಸುತ್ತದೆ. 2017ರ ಜೂನ್‌ನಲ್ಲಿ ನಿಯಮಗಳು ಪ್ರಕಟವಾದವು. ಹಳೆಯ ಕಟ್ಟಡಗಳನ್ನು ಸರಿಪಡಿಸಲು ಕೊಟ್ಟ ಐದು ವರ್ಷಗಳ ಗಡುವು 2022ರಲ್ಲೇ ಮುಗಿಯಿತು. ಮಾನದಂಡಗಳು ಬರಿಯ ಸಲಹೆಗಳಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರ್ 8ರಂದು ತೀರ್ಪಿತ್ತಿತು.

"ನಾವೇ ಎತ್ತಿಕೊಂಡು ಒಳಗೆ ಕರೆತರುತ್ತೇವಲ್ಲ, ಫಾದರ್" ಎನ್ನುವಿರಿ. ಕಫೆರ್ನವುಮಿನಲ್ಲೂ ನಾಲ್ವರು ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದರು. ಬಾಗಿಲಲ್ಲಿ ದಾರಿ ಸಿಗದಾಗ ಚಾವಣಿಯನ್ನೇ ತೆರೆದರು. ರೋಗಿ ಎದ್ದು ನಡೆಯುವ ಮುನ್ನವೇ ಅಲ್ಲಿ ಕಟ್ಟಡ ಬದಲಾಯಿತು! ಹೊತ್ತು ತರುವುದು ದಯೆ. ತಾವಾಗಿಯೇ ಬರಲು ದಾರಿ ಮಾಡಿಕೊಡುವುದು ನ್ಯಾಯ.

ಏರಬೇಕಾದ ಪ್ರತಿ ಒಂದು ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದದ ಇಳಿಜಾರು ದಾರಿ, ಹಿಡಿದುಕೊಳ್ಳಲು ಕಂಬಿ. ಹಬ್ಬದ ದೀಪಾಲಂಕಾರಕ್ಕೆ ಹಣ ಹೊಂದಿಸುವ ನಮಗೆ ಇದು ಭಾರವೇ? ಧರ್ಮಕೇಂದ್ರದ ಮುಂದಿನ ಸಭೆಯಲ್ಲಿ ಈ ಪ್ರಶ್ನೆಯನ್ನು ನೀವೇ ಎತ್ತಿರಿ. ಗುರುಗಳಾದ ನಾವು ಸುಮ್ಮನಿದ್ದರೆ ನಮ್ಮನ್ನೂ ಕೇಳಿರಿ.